ಮೈಸೂರಿನಿಂದ ಕೆಂಗೇರಿಗೆ ಒಂದು ಸ್ಪಂಜು

2024ರ ದಸರಾಕ್ಕೆ ತಮ್ಮನ ಸಂಸಾರ ಮೈಸೂರಿಗೆ ಬಂದಿತ್ತು. ಜಂಬೂ ಸವಾರಿ ನೋಡಿಕೊಂಡು ಬಂದು ಎಲ್ಲರೂ ಕಾಲು ನೋವು ಅಂತ ಹಾಲ್‌ನಲ್ಲಿ ಒರಗಿಕೊಂಡಿದ್ದರೆ, ಪುಟ್ಟಿ ಮಾತ್ರ ನಮ್ಮ ಮೀನಿನ ತೊಟ್ಟಿ ಮುಂದೆ ಸ್ಟೂಲ್ ಎಳೆದುಕೊಂಡು ಕೂತಿದ್ದಳು. ಒಂದು ಗಂಟೆ ಆದರೂ ಏಳಲಿಲ್ಲ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅತ್ತೆ, ನನ್ ಬರ್ತ್‌ಡೇಗೆ ಇದೇ ತರ ಒಂದು ಬೇಕು. ಅಪ್ಪ ನಿಮ್ಮನ್ನೇ ಕೇಳು ಅಂದ್ರು."

ಅವಳ ಹುಟ್ಟುಹಬ್ಬ ಡಿಸೆಂಬರ್ 8. ಕೈಯಲ್ಲಿ ಎಂಟು ವಾರ ಇತ್ತು. "ತೊಟ್ಟಿ ಹಿಂದಿನ ದಿನ ತಂದ್ರೆ ಸಾಕಲ್ವಾ ಅಕ್ಕ?" ಅಂದ ತಮ್ಮ. "ತೊಟ್ಟಿ ನೀನು ಯಾವಾಗ ಬೇಕಾದ್ರೂ ತಗೊಳ್ಳೋ. ಫಿಲ್ಟರ್ ಮಾತ್ರ ನಾಳೆನೇ ಶುರುವಾಗ್ಬೇಕು" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಮಾರನೇ ದಿನ ಅವರು ಊರಿಗೆ ಹೊರಟ ಮೇಲೆ ಹೊಸ ಸ್ಪಂಜ್ ಫಿಲ್ಟರ್ ಒಂದನ್ನು ತಂದು, ನಮ್ಮ ಮೂರಡಿ ತೊಟ್ಟಿಯ ಎಡಗಡೆ ಮೂಲೆಗೆ ಇಳಿಸಿ ಏರ್ ಪಂಪ್‌ಗೆ ಜೋಡಿಸಿದೆ. ಎರಡು ಕಪ್ಪು ಸ್ಪಂಜು, ನಡುವೆ ಒಂದು ಪ್ಲಾಸ್ಟಿಕ್ ಕೊಳವೆ, ಅಷ್ಟೇ. ಗುಳ್ಳೆ ಮೇಲಕ್ಕೆ ಏಳುವಾಗ ನೀರನ್ನೂ ಜೊತೆಗೆ ಎತ್ತುತ್ತದೆ, ಆ ನೀರು ಸ್ಪಂಜಿನ ಮೂಲಕ ಹಾದು ಬರುತ್ತದೆ. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಅಂಗಡಿಯಲ್ಲಿ ಇದಕ್ಕಿಂತ ಚೆಂದದ ಫಿಲ್ಟರ್‌ಗಳು ಬೇಕಾದಷ್ಟಿವೆ. ಆದರೆ ಬೇರೆ ಮನೆಗೆ ಹೊತ್ತುಕೊಂಡು ಹೋಗಬೇಕು ಅಂದರೆ ನನಗೆ ಇದೇ ಇಷ್ಟ.

ಎಂಟು ವಾರ ಮೊದಲೇ ಯಾಕೆ ಅಂತ ಹೇಳಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

2014ರಲ್ಲಿ ನನ್ನ ಮಗ ಮೂರನೇ ಕ್ಲಾಸು. ಅವನಿಗೋಸ್ಕರ ಮೊದಲ ತೊಟ್ಟಿ ತಂದೆವು, ಒಂದೂವರೆ ಅಡಿಯದ್ದು. ಅಂಗಡಿಯವರು ತೊಟ್ಟಿ, ಫಿಲ್ಟರ್, ನೀಲಿ ಕಲ್ಲು, ಆರು ಗೋಲ್ಡ್‌ಫಿಶ್ ಎಲ್ಲವನ್ನೂ ಒಟ್ಟಿಗೇ ಕಟ್ಟಿಕೊಟ್ಟರು. "ನೀರು ತುಂಬಿಸಿ, ಆಂಟಿ ಕ್ಲೋರಿನ್ ನಾಲ್ಕು ಹನಿ ಹಾಕಿ, ಮೀನು ಬಿಡಿ" ಅಂದರು. ಹಾಗೇ ಮಾಡಿದೆವು. ನೀರು ಎಷ್ಟು ತಿಳಿಯಾಗಿತ್ತು ಅಂದರೆ ಆಚೆ ಕಡೆ ಗೋಡೆಯ ಕ್ಯಾಲೆಂಡರ್ ಓದಬಹುದಿತ್ತು. ಮೂರನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಐದನೇ ದಿನ ಒಂದು ಹೋಯಿತು. ಹತ್ತು ದಿನದೊಳಗೆ ಆರೂ ಹೋದವು. ಮಗ ಕೊನೆಯದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು, ಮೇಲೆ ಒಂದು ನೀಲಿ ಕಲ್ಲು ಇಟ್ಟ. ಅಂಗಡಿಗೆ ಹೋಗಿ ಕೇಳಿದರೆ, "ಅವು ಹಂಗೇ ಮೇಡಂ, ಇನ್ನೊಂದು ಜೊತೆ ತಗೊಂಡ್ಹೋಗಿ" ಅಂದರು. ಆ ಮಾತು ನೆನಪಾದರೆ ಇವತ್ತಿಗೂ ಸಂಕಟ ಆಗುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅದೇ ದಿನಗಳಲ್ಲಿ ಒಂಬತ್ತನೇ ತರಗತಿಗೆ ನೈಟ್ರೋಜನ್ ಚಕ್ರದ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ಅಮೋನಿಯಾ ಅಂತ ಬರೆದೆ, ಒಂದು ಬಾಣ ಎಳೆದೆ, ನೈಟ್ರೈಟ್ ಅಂತ ಬರೆದೆ, ಇನ್ನೊಂದು ಬಾಣ, ನೈಟ್ರೇಟ್. ಆಮೇಲೆ ಕೈ ಅಲ್ಲೇ ನಿಂತಿತು. ನಮ್ಮ ಮನೆಯ ತೊಟ್ಟಿಯಲ್ಲಿ ಆ ಎರಡು ಬಾಣಗಳೇ ಇರಲಿಲ್ಲ.

ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಗೆ ಬಿಡುತ್ತದೆ. ಕಕ್ಕಸು, ಮಿಕ್ಕಿದ ಆಹಾರ ಕೊಳೆತರೂ ಅಮೋನಿಯಾನೇ. ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗೇ ಇರುತ್ತದೆ, ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ. ಹಳೇ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ, ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ನೀರು ಬದಲಿಸುವಾಗ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಕೆಲಸ ಮಾಡುವವರು ಯಾರೂ ಇಲ್ಲ. ತಾವಾಗಿ ಬಂದು, ಬೆಳೆದು, ಸಾಲುವಷ್ಟು ಆಗಬೇಕು ಅಂದರೆ ನಾಲ್ಕರಿಂದ ಆರು ವಾರ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ನಮ್ಮ ಆರು ಗೋಲ್ಡ್‌ಫಿಶ್‌ಗೆ ಸಿಕ್ಕಿದ್ದು ಹತ್ತು ದಿನ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ಸುಮ್ನೆ ತೇಲಿಕೊಂಡು ಇರುವುದು ತೀರಾ ಕಡಿಮೆ. ಯಾವುದಾದರೂ ಮೈಗೆ ಅಂಟಿಕೊಂಡು, ಲೋಳೆಯ ಪದರ ಕಟ್ಟಿಕೊಂಡು ಬದುಕುತ್ತವೆ. ಕಲ್ಲು, ಗಾಜು, ಗಿಡದ ಎಲೆ ಎಲ್ಲ ಕಡೆ ಇರುತ್ತವೆ. ಆದರೆ ಆಮ್ಲಜನಕ ತುಂಬಿದ ನೀರು ಬಿಡದೆ ಹರಿಯುವ ಜಾಗ ಫಿಲ್ಟರ್, ಹಾಗಾಗಿ ಅಲ್ಲೇ ಜಾಸ್ತಿ. ತುಂಬಾ ಜನ ನನ್ನ ಹತ್ತಿರ "ನಿಮ್ಮ ತೊಟ್ಟಿಯ ಹಳೇ ನೀರು ಒಂದು ಬಕೆಟ್ ಕೊಡಿ ಮೇಡಂ" ಅಂತ ಕೇಳುತ್ತಾರೆ. ನೀರು ಬೇಡ, ಸ್ಪಂಜು ತಗೊಂಡು ಹೋಗಿ ಅಂತ ನಾನು ಹೇಳುತ್ತೇನೆ.

ಹೊಸ ಸ್ಪಂಜು ನಮ್ಮ ತೊಟ್ಟಿಯಲ್ಲಿ ಮೊದಲ ವಾರ ತೇಲುತ್ತಿತ್ತು, ಒಂದು ಚಪ್ಪಟೆ ಕಲ್ಲು ಹೇರಿ ಕೂರಿಸಿದ್ದೆ. ಮೂರನೇ ವಾರಕ್ಕೆ ತಾನೇ ಕೂತಿತು. ಐದನೇ ವಾರ ಬೆರಳಿನಿಂದ ಮುಟ್ಟಿ ನೋಡಿದೆ. ಮೊದಲಿದ್ದ ಒರಟು ಹೋಗಿ, ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಸ್ವಲ್ಪ ಜಾರುತ್ತಿತ್ತು. ಕಪ್ಪು ಬಣ್ಣದ ಮೇಲೆ ಕಂದು ಪುಡಿ ಕೂತಿತ್ತು. ಆ ಪುಡಿಯೇ ಬ್ಯಾಕ್ಟೀರಿಯಾ ಅಲ್ಲ, ಅದು ಬರೀ ಕಸ. ಆದರೆ ನೀರು ಇದರೊಳಗೆ ಸರಿಯಾಗಿ ಹಾಯುತ್ತಿದೆ ಅನ್ನುವುದಕ್ಕೆ ಅದು ಗುರುತು. ಆರು ವಾರ ಕಳೆದ ಮೇಲೆ ಇನ್ನೂ ಎರಡು ವಾರ ಬಿಟ್ಟೆ. ನಮ್ಮಲ್ಲಿ ಮೇಲಿನ ದೊಡ್ಡ ಫಿಲ್ಟರ್ ಬೇರೆ ಇದೆ. ಸಿಗುವ ಅಮೋನಿಯಾವನ್ನು ಇಬ್ಬರೂ ಹಂಚಿಕೊಂಡು ತಿನ್ನಬೇಕು, ಹಾಗಾಗಿ ಹೊಸಬನಿಗೆ ಸ್ವಲ್ಪ ಜಾಸ್ತಿ ದಿನ ಇರಲಿ ಅಂತ.

ಅಷ್ಟರಲ್ಲಿ ತಮ್ಮ ಅಲ್ಲಿ ತೊಟ್ಟಿ ತಂದಿದ್ದ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ ಸುಮಾರು 56 ಲೀಟರ್, ಮೇಲೆ ಸ್ವಲ್ಪ ಬಿಟ್ಟು, ಮರಳು ಕಲ್ಲು ಕಳೆದರೆ 45 ಲೀಟರ್ ನೀರು. ಫೋನಿನಲ್ಲೇ ಹೇಳಿ ಹೇಳಿ ಮಾಡಿಸಿದೆ. ಕೆಳಗೆ ಥರ್ಮೋಕೋಲ್ ಹಾಸು. ಕಿಟಕಿ ಬಿಸಿಲು ಬೀಳದ ಕಡೆ ಇಡು. ಶುಕ್ರವಾರ ರಾತ್ರಿ ನೀರು ತುಂಬಿಸು, ಆಂಟಿ ಕ್ಲೋರಿನ್ ಮರೀಬೇಡ. ಅವರ ನೀರಿನ ಸಂಪ್‌ಗೆ ಕಾವೇರಿ ನೀರೂ ಬರುತ್ತದೆ, ಬೋರ್ ನೀರೂ ಬರುತ್ತದೆ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ರೋಗದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೇ ಹಾಕುವುದು, ನಮ್ಮ ಸ್ಪಂಜಿನಲ್ಲಿರುವವು ಒಳ್ಳೆಯವು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಸಿಗುವ ಹನಿಯಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಹಾಕಿದ ಕೂಡಲೇ ಕೆಲಸ ಮಾಡುತ್ತದೆ.

ಮೀನುಗಳೂ ನಮ್ಮ ಮನೆಯವೇ. ಎಂಟು ಜೀಬ್ರಾ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಮೈ ತುಂಬಾ ನೀಲಿ ಪಟ್ಟೆ. ನಮ್ಮ ದೇಶದ್ದೇ ಮೀನು, ತೊರೆ, ಗದ್ದೆ ಕಾಲುವೆಗಳಲ್ಲಿ ಬದುಕುವಂಥದ್ದು. ಡಿಸೆಂಬರ್ ರಾತ್ರಿಯ ಬೆಂಗಳೂರಿನ ಚಳಿಗೆ ಹೀಟರ್ ಇಲ್ಲದೆ ಇರಬಲ್ಲದು. ಪುಟ್ಟಿಗೆ ಗೋಲ್ಡ್‌ಫಿಶ್ ಬೇಕಿತ್ತು. ಎರಡಡಿ ತೊಟ್ಟಿಗೆ ಅದು ಬೇಡ ಅಂತ ನಾನೇ ಗಟ್ಟಿಯಾಗಿ ಹೇಳಿದೆ. ಅದು ಬೆಳೆಯುತ್ತದೆ, ತುಂಬಾ ಗಲೀಜು ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಸ್ಪಂಜಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇರುತ್ತವೆ ಅನ್ನುವುದು ಅದಕ್ಕೆ ಇದುವರೆಗೆ ಎಷ್ಟು ಅಮೋನಿಯಾ ಸಿಕ್ಕಿದೆ ಅನ್ನುವುದರ ಮೇಲೆ ಇರುತ್ತದೆ. ನಮ್ಮ ಮೂರಡಿ ತೊಟ್ಟಿಯ ಅರ್ಧ ಊಟ ತಿಂದು ಬೆಳೆದ ಸ್ಪಂಜಿಗೆ ಎಂಟು ಸಣ್ಣ ಮೀನು ಏನೂ ಭಾರವಲ್ಲ. ಇಪ್ಪತ್ತು ಬಿಟ್ಟರೆ ಅದೇ ಸ್ಪಂಜು ಸೋಲುತ್ತದೆ. ಎರಡು ವಾರ ಬಿಟ್ಟು ಇನ್ನೂ ಮೂರು ನಾಲ್ಕು ಸೇರಿಸಿದರೆ ಅದೂ ಜೊತೆಗೇ ಬೆಳೆದುಕೊಳ್ಳುತ್ತದೆ.

ಡಿಸೆಂಬರ್ 7, ಶನಿವಾರ. ರಜೆ ಹಾಕಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು, ಬಣ್ಣದ ಡಬ್ಬಿಯಂಥ ಹತ್ತು ಲೀಟರ್ ಬಕೆಟ್‌ಗೆ ನಮ್ಮ ತೊಟ್ಟಿಯದ್ದೇ ನಾಲ್ಕು ಲೀಟರ್ ನೀರು ತುಂಬಿದೆ. ಸ್ಪಂಜನ್ನು ಹಿಂಡದೆ, ಅಲುಗಿಸದೆ, ನೀರಿನೊಳಗೇ ಬಕೆಟ್ ಅದ್ದಿ ಒಳಗೆ ಸರಿಸಿದೆ. ಮುಚ್ಚಳಕ್ಕೆ ತೂತು ಮಾಡಿ, ಸೆಲ್ಲಿನ ಮೇಲೆ ನಡೆಯುವ ಏರ್ ಪಂಪ್‌ನ ಪೈಪ್ ಇಳಿಬಿಟ್ಟೆ. ಬರೀ ಒದ್ದೆ ಇದ್ದರೆ ಸಾಲುವುದಿಲ್ಲ, ಈ ಬ್ಯಾಕ್ಟೀರಿಯಾಕ್ಕೆ ಉಸಿರು ಬೇಕು. ಒಂದೆರಡು ಗಂಟೆಯ ದಾರಿಯಾದರೆ ಒದ್ದೆ ಸ್ಪಂಜನ್ನು ಕವರಿನಲ್ಲಿ ಸಡಿಲವಾಗಿ ಸುತ್ತಿಕೊಂಡು ಹೋದರೂ ನಡೆಯುತ್ತದೆ. ಆದರೆ ನಮ್ಮ ಮನೆಯಿಂದ ಅವರ ಮನೆ ಬಾಗಿಲಿಗೆ ನಾಲ್ಕು ಗಂಟೆ, ನಾನು ಅಷ್ಟು ಧೈರ್ಯ ಮಾಡಲಿಲ್ಲ. ಜೀಬ್ರಾಗಳನ್ನು ಎರಡು ಕವರಿನಲ್ಲಿ, ಕಾಲು ಭಾಗ ನೀರು, ಮುಕ್ಕಾಲು ಗಾಳಿ ಇಟ್ಟು ಕಟ್ಟಿದೆ. ಹಿಂದಿನ ದಿನ ಪೂರ್ತಿ ಅವಕ್ಕೆ ಊಟ ಹಾಕಿರಲಿಲ್ಲ. ಹೊಟ್ಟೆ ಖಾಲಿ ಇದ್ದರೆ ಕವರಿನ ನೀರು ಬೇಗ ಕೆಡುವುದಿಲ್ಲ.

ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬಕೆಟ್ ಕಾಲಿನ ನಡುವೆ ಇಟ್ಟುಕೊಂಡೆ. ಪಂಪು ಗುರ್ ಅನ್ನುತ್ತಿತ್ತು. ಮಂಡ್ಯದಲ್ಲಿ ಎದುರಿಗೆ ಬಂದು ಕೂತ ಹಿರಿಯರೊಬ್ಬರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದರು. ಮದ್ದೂರು ಹತ್ತಿರ ಬರುವಾಗ ಕೇಳೇಬಿಟ್ಟರು. "ಏನವ್ವಾ ಅದು, ಜೀವ ಇರೋದಾ?" ಹೌದು ಅಂದೆ. ಮುಚ್ಚಳ ತೆಗೆದು ತೋರಿಸಿದೆ. ಬರೀ ಕಪ್ಪು ಸ್ಪಂಜು, ಗುಳ್ಳೆ. ಮೀನು ಎಲ್ಲಿ ಅಂತ ಹುಡುಕಿದರು. ಜೀವ ಇರೋದು ಸ್ಪಂಜಿನಲ್ಲೇ, ಹಳೇ ತೊಟ್ಟಿಯದ್ದನ್ನ ಹೊಸ ತೊಟ್ಟಿಗೆ ತಗೊಂಡು ಹೋಗ್ತಿದ್ದೀನಿ, ಇದಿದ್ರೆ ಮೀನು ಸಾಯಲ್ಲ ಅಂದೆ. ವಡೆ ಮಾರುವವನು ಬಂದು ಹೋಗುವ ತನಕ ಅವರು ಏನೂ ಮಾತಾಡಲಿಲ್ಲ. ಆಮೇಲೆ, "ನಾವೂ ಹೊಲಕ್ಕೆ ಜೀವಾಮೃತ ಕಲ್ಸುವಾಗ ಬದಿನ ಮಣ್ಣು ಒಂದ್ ಹಿಡಿ ಹಾಕ್ತೀವಲ್ಲವ್ವಾ. ಸಗಣಿ, ಗಂಜಳ, ಬೆಲ್ಲ, ಹಿಟ್ಟು ಎಷ್ಟಾರ ಹಾಕು, ಆ ಮಣ್ಣು ಬುಟ್ಟಿದ್ರೆ ಆಗಾಕಿಲ್ಲ" ಅಂದರು.

ನನಗೆ ಮೈ ಝುಂ ಅಂದಿತು. ಯಾಕೆಂದರೆ ಈ ಬ್ಯಾಕ್ಟೀರಿಯಾ ಇವೆ ಅಂತ ಜಗತ್ತಿಗೆ ಗೊತ್ತಾಗಿದ್ದೂ ಹಿಡಿ ಮಣ್ಣಿನಿಂದಲೇ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ಉದ್ದನೆಯ ಕೊಳವೆಯಲ್ಲಿ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ, ಅದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಹೋದ ಅಮೋನಿಯಾ ಹಾಗೇ ಕೆಳಗೆ ಬರುತ್ತಿತ್ತು. ಆಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಬಿಟ್ಟರು, ನಿಂತುಹೋಯಿತು. ಕ್ಲೋರೋಫಾರ್ಮ್ ಎಲ್ಲ ಹೋದ ಮೇಲೂ ಕೊಳವೆ ಸುಮ್ಮನಿತ್ತು. ಸ್ವಲ್ಪ ತೋಟದ ಮಣ್ಣು ಸೇರಿಸಿದ ಮೇಲೆ ಮತ್ತೆ ಶುರುವಾಯಿತು. ಇದು ಬರೀ ರಸಾಯನದ ಕೆಲಸ ಅಲ್ಲ, ಒಳಗೆ ಯಾರೋ ಬದುಕಿದ್ದಾರೆ ಅಂತ ತಿಳಿದದ್ದು ಹಾಗೆ. ಆ ಜೀವಿಗಳನ್ನು ಬೇರೆ ಮಾಡಿ ತೋರಿಸಿದ್ದು ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ, 1890ರಲ್ಲಿ. ಆ ಕೊಳವೆಯನ್ನು ನೆನೆದರೆ ನನಗೆ ಒಂದು ಅಕ್ವೇರಿಯಂ ಫಿಲ್ಟರೇ ಕಣ್ಣಿಗೆ ಬರುತ್ತದೆ. ಇಪ್ಪತ್ತು ದಿನದ ಕಾಯುವಿಕೆ, ಆಮೇಲೆ ಹಿಡಿ ಮಣ್ಣು. ಚನ್ನಪಟ್ಟಣ ದಾಟುವವರೆಗೂ ಆ ಹಿರಿಯರಿಗೆ ಇದನ್ನೇ ಹೇಳುತ್ತಾ ಕೂತಿದ್ದೆ. ಅವರು ಮೀನು ಕವರ್ ಹಿಡಿದುಕೊಂಡು ಕೇಳಿದರು.

ಕೆಂಗೇರಿಯಲ್ಲಿ ತಮ್ಮ ಕಾದಿದ್ದ. ಮನೆ ಒಳಗೆ ಕಾಲಿಟ್ಟ ಮೇಲೆ ನಡೆದದ್ದನ್ನು ನಾನು ಮರೆಯುವ ಹಾಗಿಲ್ಲ. ಮುಖ ತೊಳೆದುಕೊಂಡು ಬರೋಣ ಅಂತ ಬಚ್ಚಲಿಗೆ ಹೋಗಿ ಈಚೆ ಬಂದರೆ ಬಕೆಟ್ ಖಾಲಿ. ಅಡುಗೆಮನೆಯಲ್ಲಿ ಅಮ್ಮ ಸಿಂಕ್ ಮುಂದೆ ನಿಂತಿದ್ದಾರೆ, ಎಡಗೈಯಲ್ಲಿ ಸ್ಪಂಜು, ಬಲಗೈ ನಲ್ಲಿ ಮೇಲೆ.

"ಅಮ್ಮಾ, ಬೇಡ!"

ಅಮ್ಮ ಬೆಚ್ಚಿದರು. "ಎಷ್ಟು ಕೊಳೆ ಕೂತಿದೆ ನೋಡೇ. ಹೊಸ ತೊಟ್ಟಿಗೆ ಇದನ್ನ ಹೀಗೇ ಹಾಕ್ತೀಯಾ? ಮಗು ಹುಟ್ಟಿದಬ್ಬಕ್ಕೆ?"

ನಲ್ಲಿ ಇನ್ನೂ ತಿರುಗಿಸಿರಲಿಲ್ಲ. ಸ್ಪಂಜಿನಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಮೆಲ್ಲಗೆ ಅವರ ಕೈಯಿಂದ ತಗೊಂಡು ಬಕೆಟ್‌ಗೆ ಇಳಿಸಿದೆ. ಕೈ ನಡುಗುತ್ತಿತ್ತು, ಎಂಟು ವಾರ ಅದರಲ್ಲಿತ್ತು. ಇದರೊಳಗೆ ಒಳ್ಳೇ ಬ್ಯಾಕ್ಟೀರಿಯಾ ಇದಾವಮ್ಮ, ನಲ್ಲಿ ನೀರು ಬಿದ್ರೆ ಸತ್ತುಹೋಗ್ತಾವೆ, ಇದನ್ನ ಹಾಕಿದ್ರೆ ಹೊಸ ತೊಟ್ಟಿನೂ ಹಳೇದರ ಹಾಗೇ ಆಗುತ್ತೆ ಅಂದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ ಒಂದು ನಿಮಿಷ ಯೋಚನೆ ಮಾಡಿದರು.

"ಹೆಪ್ಪು ಅನ್ನು. ಮೊದಲೇ ಹೆಪ್ಪು ಅಂದಿದ್ರೆ ನಾನ್ಯಾಕೆ ಮುಟ್ತಿದ್ದೆ?"

ಹತ್ತು ವರ್ಷದಿಂದ ನಾನು ಇದನ್ನು ಜನರಿಗೆ ಬಿಡಿಸಿ ಬಿಡಿಸಿ ಹೇಳುತ್ತಾ ಬಂದಿದ್ದೇನೆ. ಅಮ್ಮನಿಗೆ ಒಂದೇ ಮಾತು ಸಾಕಾಯಿತು. ಅವರು ಈ ಮನೆಗೆ ಬಂದಾಗ ತಂದದ್ದೂ ಮೈಸೂರಿನ ಮನೆಯ ಮೊಸರಿನ ಹೆಪ್ಪೇ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ, ಸೀರೆಗಳ ನಡುವೆ ಇಟ್ಟುಕೊಂಡು. ಹೆಪ್ಪಿನ ಶಿಸ್ತೆಲ್ಲ ಅವರಿಗೆ ಗೊತ್ತು. ಕುದಿಯುವ ಹಾಲಿಗೆ ಹಾಕಬಾರದು. ತೀರಾ ತಣ್ಣಗಿನ ಹಾಲಿಗೆ ಹಾಕಿದರೆ ಏಳುವುದಿಲ್ಲ. ಚಮಚದಷ್ಟು ಹೆಪ್ಪಿಗೆ ಎಷ್ಟು ಹಾಲು ಅನ್ನುವ ಅಂದಾಜು ಇರಬೇಕು. ಒಂದು ವ್ಯತ್ಯಾಸ ಮಾತ್ರ ನಾನು ಹೇಳಿದೆ. ಮೊಸರಿನ ಹೆಪ್ಪು ರಾತ್ರಿ ಕಳೆಯುವುದರೊಳಗೆ ಪಾತ್ರೆ ತುಂಬುತ್ತದೆ. ಇವು ನಿಧಾನ, ಒಂದು ಎರಡಾಗುವುದಕ್ಕೆ ಹೆಚ್ಚು ಕಡಿಮೆ ಒಂದು ದಿನ ಬೇಕು. ಅದಕ್ಕೇ ಚಮಚ ಸಾಲುವುದಿಲ್ಲ, ಮೀನಿನ ಲೆಕ್ಕಕ್ಕೆ ಸರಿಯಾಗುವಷ್ಟು ತರಬೇಕು.

ಸ್ಪಂಜು ಇಳಿಸಿ, ಪಂಪ್ ಹಾಕಿ, ಮೀನಿನ ಕವರುಗಳನ್ನು ನೀರಿನ ಮೇಲೆ ತೇಲಿಬಿಟ್ಟೆವು. ಮೈಸೂರಿನ ನಮ್ಮ ನೀರಿನ ಪಿಎಚ್, ಅಂದರೆ ಆಮ್ಲ ಕ್ಷಾರದ ಅಳತೆ, 7.2 ಇರುತ್ತದೆ, ಅವರದ್ದು 7.8 ತೋರಿಸಿತು. ಬೋರ್ ನೀರು ಸೇರಿರುವುದರಿಂದ ಗಡಸು. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಅಳತೆಯ ಅಮೋನಿಯಾ ಇದ್ದರೂ ಪಿಎಚ್ ಏರಿದ ಹಾಗೆ ಅದರಲ್ಲಿ ವಿಷದ ರೂಪ ಜಾಸ್ತಿಯಾಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಶೇಕಡ 0.5ರಷ್ಟು, 8 ಇದ್ದರೆ ಶೇಕಡ 5ರಷ್ಟು. ಹತ್ತು ಪಟ್ಟು. ಹಾಗಾಗಿ ಬೆಂಗಳೂರಿನ ಬೋರ್ ನೀರಿನಲ್ಲಿ ಹೊಸ ತೊಟ್ಟಿ ಶುರು ಮಾಡುವವರು ಫಿಲ್ಟರ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅರ್ಧ ಗಂಟೆ ಬಿಟ್ಟು, ತೊಟ್ಟಿಯ ನೀರನ್ನು ಲೋಟದಲ್ಲಿ ಮೂರು ನಾಲ್ಕು ಸಲ ಕವರಿಗೆ ಸೇರಿಸಿ, ಆಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಹಿಡಿದು ಬಿಟ್ಟೆವು. ಎಂಟೂ ಒಂದು ಸುತ್ತು ಹೊಡೆದು ಮೂಲೆಯ ಗಿಡದ ಹಿಂದೆ ಸೇರಿಕೊಂಡವು. ಸಂಜೆ ಐದಕ್ಕೆ ಈಚೆ ಬಂದವು. ಪುಟ್ಟಿ ಅಲ್ಲಿಯವರೆಗೂ ಊಟ ತಟ್ಟೆ ಹಿಡಿದುಕೊಂಡು ಅಲ್ಲೇ ಕೂತಿದ್ದಳು.

ಮೀನು ಮತ್ತು ಫಿಲ್ಟರ್ ಒಂದೇ ದಿನ ಹೋಗಬೇಕು ಅನ್ನುವುದು ನನ್ನ ನಿಯಮ. ಫಿಲ್ಟರ್ ಇಟ್ಟು ಮೀನು ಮುಂದಿನ ವಾರ ಅಂದರೆ, ಮಧ್ಯೆ ಆ ಬ್ಯಾಕ್ಟೀರಿಯಾಕ್ಕೆ ತಿನ್ನುವುದಕ್ಕೆ ಏನೂ ಇರುವುದಿಲ್ಲ. ಕೂಡಲೇ ಸಾಯದಿದ್ದರೂ ಸೊರಗುತ್ತವೆ.

ಪುಟ್ಟಿಗೆ ಒಂದು ಕೆಲಸ ಕೊಟ್ಟು ಬಂದೆ. ನಾನು ಬಳಸುವ ಹನಿ ಕಿಟ್ ಅವಳಿಗೆ ಉಡುಗೊರೆ. ಗಾಜಿನ ಕೊಳವೆಗೆ 5 ಮಿಲಿ ನೀರು, ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಮುಚ್ಚಳ ಹಾಕಿ ಅಲ್ಲಾಡಿಸಿ ಐದು ನಿಮಿಷ ಕಾಯಬೇಕು. ಹಳದಿ ಉಳಿದರೆ ಅಮೋನಿಯಾ ಇಲ್ಲ. ಹಸಿರಿಗೆ ತಿರುಗಿದರೆ ಇದೆ. ನೈಟ್ರೈಟ್‌ಗೆ ಬೇರೆ ಬಾಟಲಿ, ತಿಳಿ ನೀಲಿ ಇದ್ದರೆ ಒಳ್ಳೆಯದು, ನೇರಳೆ ಬಂದರೆ ಅತ್ತೆಗೆ ಫೋನ್. ಅವಳು ಪುಸ್ತಕದಲ್ಲಿ ಸಂಖ್ಯೆ ಬರೆಯುವ ಬದಲು ಬಣ್ಣದ ಪೆನ್ಸಿಲ್‌ನಿಂದ ಚೌಕ ತುಂಬಿದ್ದಾಳೆ. ಬಿಳಿ ಹಾಳೆ ಮುಂದೆ ಕೊಳವೆ ಹಿಡಿದು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್‌ಗಳನ್ನು ಒಂದೊಂದಾಗಿ ಪಕ್ಕಕ್ಕೆ ಇಟ್ಟು ನೋಡುತ್ತಾಳೆ. ಡಿಸೆಂಬರ್ 8, ಹಳದಿ. ಡಿಸೆಂಬರ್ 9, ಹಳದಿ ಮೇಲೆ ಮೆಲ್ಲಗೆ ಹಸಿರು ಉಜ್ಜಿದ್ದಾಳೆ. ಆ ಸಂಜೆ ಫೋನ್ ಬಂತು. ಹುಟ್ಟುಹಬ್ಬದ ಸಂಭ್ರಮದಲ್ಲಿ ಬಂದ ಮಕ್ಕಳೆಲ್ಲ ಸರದಿ ಪ್ರಕಾರ ಮೀನಿಗೆ ಊಟ ಹಾಕಿದ್ದರಂತೆ. ಕಾಲು ಭಾಗ ನೀರು ಬದಲಿಸಲು, ಒಂದು ದಿನ ಊಟ ನಿಲ್ಲಿಸಲು ಹೇಳಿದೆ. ಡಿಸೆಂಬರ್ 10, ಮತ್ತೆ ಹಳದಿ. ಅಲ್ಲಿಂದ ಮುಂದೆ ಇವತ್ತಿನ ತನಕ ಹಳದಿಯೇ. ನೈಟ್ರೈಟ್ ಒಂದು ದಿನವೂ ನೀಲಿ ಬಿಟ್ಟು ಕದಲಲಿಲ್ಲ. ನೈಟ್ರೇಟ್ ತಿಂಗಳ ಕೊನೆಗೆ ಲೀಟರಿಗೆ 20 ಮಿಲಿಗ್ರಾಂ ಮುಟ್ಟಿತ್ತು, ಅಂದರೆ ಎರಡೂ ಬಾಣಗಳು ಓಡುತ್ತಿವೆ ಅಂತ.

ನಮ್ಮ ಪಠ್ಯದಲ್ಲಿ ಎರಡನೇ ಬಾಣದ ಮೇಲೆ ನೈಟ್ರೋಬ್ಯಾಕ್ಟರ್ ಅಂತ ಹೆಸರು ಬರೆಸುತ್ತೇವೆ. 1998ರಲ್ಲಿ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಹುಡುಕಿ ನೋಡಿದಾಗ ಆ ಕೆಲಸ ಮಾಡುತ್ತಿದ್ದವು ನೈಟ್ರೋಸ್ಪೈರಾ ಜಾತಿಯವು. 2015ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಎರಡೂ ಬಾಣಗಳನ್ನು ಒಂದೇ ಜೀವಿ ಎಳೆಯಬಲ್ಲದು, ಅಮೋನಿಯಾದಿಂದ ನೇರ ನೈಟ್ರೇಟ್‌ವರೆಗೆ. ಅದು ಸಿಕ್ಕ ಜಾಗಗಳಲ್ಲಿ ಒಂದು ಕಾರ್ಪ್ ಮೀನು ಸಾಕುವ ವ್ಯವಸ್ಥೆಯ ಫಿಲ್ಟರ್. ಪಾಠದ ಕೊನೆಗೆ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಆದರೂ ಹೇಳುತ್ತೇನೆ.

ಡಿಸೆಂಬರ್ 14ರ ರಾತ್ರಿ ಅವರ ಏರಿಯಾದಲ್ಲಿ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ತಮ್ಮ ಗಾಬರಿಯಿಂದ ಫೋನ್ ಮಾಡಿದ. ತೆರೆದ ನೀರಿನಲ್ಲಿರುವ ಸ್ಪಂಜಿಗೆ ಅಷ್ಟರಲ್ಲಿ ಏನೂ ಆಗುವುದಿಲ್ಲ, ಅರ್ಧ ಗಂಟೆಗೊಮ್ಮೆ ಮಗ್ಗಿನಲ್ಲಿ ನೀರೆತ್ತಿ ಮೇಲಿನಿಂದ ಸುರಿ ಅಂದೆ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಆದರೆ ಮಾತು ಬೇರೆ. ಒಳಗಿನ ಆಮ್ಲಜನಕ ಬೇಗ ಮುಗಿದು ನೀರು ನಾರುತ್ತದೆ. ಕರೆಂಟ್ ಬಂದ ಕೂಡಲೇ ಹಾಗೇ ಚಾಲೂ ಮಾಡಿದರೆ ಆ ಕೆಟ್ಟ ನೀರೆಲ್ಲ ತೊಟ್ಟಿಗೆ ಬರುತ್ತದೆ. ಬಿಚ್ಚಿ, ಆ ನೀರು ಚೆಲ್ಲಿ, ತೊಟ್ಟಿಯ ನೀರಿನಲ್ಲಿ ಜಾಲಾಡಿಸಿ ಆಮೇಲೆ ಹಾಕಬೇಕು. ಇನ್ನೊಂದು, ಏರ್ ಪಂಪ್ ತೊಟ್ಟಿಗಿಂತ ಕೆಳಗಿದ್ದರೆ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿದು ಪಂಪಿಗೇ ಬರುತ್ತದೆ. ನಡುವೆ ಒಂದು ಸಣ್ಣ ವಾಲ್ವ್ ಸಿಗುತ್ತದೆ, ಅದನ್ನು ಹಾಕಿಸಿದ್ದೆ.

ಹಳೇ ಫಿಲ್ಟರ್ ಕೊಡುವವರ ತೊಟ್ಟಿಯ ಬಗ್ಗೆಯೂ ಯೋಚಿಸಬೇಕು. 2019ರಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು ಅಂತ ನಮ್ಮ ಮೇಲಿನ ಫಿಲ್ಟರ್‌ನ ಮುಕ್ಕಾಲು ಭಾಗ ಸೆರಾಮಿಕ್ ರಿಂಗು, ಸ್ಪಂಜು ಎಲ್ಲ ಒಂದೇ ಸಲ ತೆಗೆದುಕೊಟ್ಟೆ. ಅವರ ತೊಟ್ಟಿ ಚೆನ್ನಾಗಿ ಎದ್ದಿತು. ನಮ್ಮಲ್ಲಿ ಮೂರನೇ ದಿನ ನೀರು ಹಾಲು ಬಿದ್ದ ಹಾಗಾಗಿ, ಎರಡು ಏಂಜಲ್ ಮೀನು ಕಳೆದುಕೊಂಡೆ. ಅವು ನಾಲ್ಕು ವರ್ಷದಿಂದ ನಮ್ಮಲ್ಲಿದ್ದವು. ಆಮೇಲಿಂದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕೊಟ್ಟಿಲ್ಲ. ಮೊದಲೇ ತಿಳಿಸಿದರೆ ಪುಟ್ಟಿಗೆ ಮಾಡಿದ ಹಾಗೆ ಹೊಸದನ್ನೇ ಹಾಕಿ ಬೆಳೆಸುತ್ತೇನೆ.

ಅಂಗಡಿಯ ತೊಟ್ಟಿಯಿಂದ ಸ್ಪಂಜು ಕೇಳಿ ತರುವುದು ನನಗೆ ಒಪ್ಪಿಗೆ ಇಲ್ಲ. ಅಲ್ಲಿ ವಾರಕ್ಕೊಮ್ಮೆ ಹೊಸ ಮೀನು ಬರುತ್ತದೆ, ಬಿಳಿ ಚುಕ್ಕೆ ರೋಗ ಸ್ಪಂಜಿನ ಜೊತೆ ಬಂದುಬಿಡಬಹುದು. ನೀಲಿ ಔಷಧಿ ಹಾಕಿದ ತೊಟ್ಟಿಯದ್ದಂತೂ ಬೇಡವೇ ಬೇಡ, ಮೆಥಿಲೀನ್ ಬ್ಲೂ ಈ ಬ್ಯಾಕ್ಟೀರಿಯಾಕ್ಕೂ ಆಗುವುದಿಲ್ಲ. ಗೊತ್ತಿರುವವರ ಮನೆಯದ್ದು, ಆರು ತಿಂಗಳಿಂದ ಮೀನು ಆರೋಗ್ಯವಾಗಿರುವ ತೊಟ್ಟಿಯದ್ದು ಮಾತ್ರ ತನ್ನಿ. ಬಸವನಹುಳು ಒಂದೆರಡು ಜೊತೆಗೆ ಬರುತ್ತವೆ, ಬಂದರೆ ಬರಲಿ.

ಪೂರ್ತಿ ಫಿಲ್ಟರ್ ಸಿಗದಿದ್ದರೆ? ಹಳೇ ಸ್ಪಂಜಿನ ಒಂದು ತುಂಡು ಕತ್ತರಿಸಿ ಹೊಸ ಫಿಲ್ಟರ್ ಒಳಗೆ ತುರುಕಬಹುದು. ಅದೂ ಇಲ್ಲ ಅಂದರೆ ಹಳೇ ಸ್ಪಂಜನ್ನು ಹೊಸದರ ಮೇಲೆ ಹಿಂಡಬಹುದು. ಆ ಕಂದು ನೀರಿನ ಜೊತೆ ಸ್ವಲ್ಪ ಕಿತ್ತುಕೊಂಡು ಬರುತ್ತವೆ. ಇದರಿಂದ ಆರು ವಾರ ಎರಡು ಮೂರಕ್ಕೆ ಇಳಿಯಬಹುದು, ಅದೇ ದಿನ ಮೀನು ತುಂಬಿಸುವ ಹಾಗಿಲ್ಲ. ದಿನಾ ಅಳತೆ ನೋಡಿಕೊಂಡು ಎರಡು ಮೂರು ಮೀನಿನಿಂದ ಶುರು ಮಾಡಬೇಕು.

ಹೋದ ವಾರ ಕೆಂಗೇರಿಗೆ ಹೋಗಿದ್ದೆ. ತಿಂಗಳಿಗೊಮ್ಮೆ ಸ್ಪಂಜು ಹಿಂಡುವ ಕೆಲಸ ಅಮ್ಮ ತಾವೇ ವಹಿಸಿಕೊಂಡಿದ್ದಾರೆ. ತೊಟ್ಟಿಯಿಂದ ತೆಗೆದ ನೀರನ್ನು ಬೇಸಿನ್‌ಗೆ ಹಾಕಿಕೊಂಡು, ಅದರಲ್ಲಿ ಸ್ಪಂಜನ್ನು ಎರಡು ಸಲ ಮೆತ್ತಗೆ ಒತ್ತಿ, ಹಾಗೇ ವಾಪಸ್ ಇಡುತ್ತಾರೆ. ಬೇಸಿನ್ ನೀರು ಮಲ್ಲಿಗೆ ಕುಂಡಕ್ಕೆ. ಈ ಸಲ ನೋಡಿದರೆ ತೊಟ್ಟಿಯ ಬಲಗಡೆ ಮೂಲೆಯಲ್ಲಿ ಇನ್ನೊಂದು ಹೊಸ ಸ್ಪಂಜು, ಮೇಲೆ ಒಂದು ಚಪ್ಪಟೆ ಕಲ್ಲು. ಕೆಳಗಿನ ಮನೆ ಹುಡುಗನಿಗಂತೆ. ಪುಟ್ಟಿ ಪುಸ್ತಕ ತಂದು ತೋರಿಸಿದಳು. ಮಾರ್ಚ್ 9, ಭಾನುವಾರ, ಹೆಪ್ಪು ಹಾಕಿದ್ದು. ಅಲ್ಲಿಂದ ಆರು ವಾರ ಎಣಿಸಿ, ಏಪ್ರಿಲ್ 20ರ ಚೌಕಕ್ಕೆ ಕೆಂಪು ಪೆನ್ಸಿಲ್‌ನಿಂದ ಸುತ್ತು ಹಾಕಿದ್ದಾಳೆ.